ಕಿಂಗ್ ಕರ್ಟಿಸ್: ಯಾವ ರೆಕಾರ್ಡಿಂಗ್ ಮೊದಲು ಕೇಳೋದು, ಯಾವುದು ಆಮೇಲೆ?

ಕಿಂಗ್ ಕರ್ಟಿಸ್ ಅಮೆರಿಕದ ಸ್ಯಾಕ್ಸೊಫೋನ್ ವಾದಕ. ಅವರ ಹೆಸರು ಹುಡುಕಿದರೆ ಆಲ್ಬಮ್‌ಗಳ ದೊಡ್ಡ ರಾಶಿಯೇ ಎದುರಿಗೆ ಬರುತ್ತದೆ. ಒಂದೇ ಹಾಡು ಎರಡು ಮೂರು ಕಡೆ ಇರುತ್ತದೆ. ‘ಬೆಸ್ಟ್ ಆಫ್ ಕಿಂಗ್ ಕರ್ಟಿಸ್’ ಅಂತ ಒಂದಕ್ಕಿಂತ ಹೆಚ್ಚು ಕಂಪನಿಗಳು ತಂದಿವೆ, ಒಂದರೊಳಗಿನ ಹಾಡು ಇನ್ನೊಂದರಲ್ಲಿ ಇರಲ್ಲ. ಒಂದು ಆಲ್ಬಮ್‌ನಲ್ಲಿ ಗಟ್ಟಿ ಜಾಝ್, ಇನ್ನೊಂದರಲ್ಲಿ ಟ್ವಿಸ್ಟ್ ಕುಣಿತ, ಮತ್ತೊಂದರಲ್ಲಿ ಅವರೇ ಬಾಯಿ ಬಿಟ್ಟು ಬ್ಲೂಸ್ ಹಾಡುತ್ತಿದ್ದಾರೆ. ಹೊಸದಾಗಿ ಕೇಳುವವರು ಕೈಗೆ ಸಿಕ್ಕಿದ ಯಾವುದೋ ಒಂದನ್ನು ಹಾಕಿ, ಹಳೇ ಹಿಟ್ ಹಾಡುಗಳನ್ನು ಸ್ಯಾಕ್ಸೊಫೋನ್‌ನಲ್ಲಿ ಊದಿದ್ದಾರೆ ಅಷ್ಟೇ ಅಂದುಕೊಂಡು ಬಿಟ್ಟುಬಿಡುತ್ತಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಆರಿಸುವಾಗ ನನ್ನ ಲೆಕ್ಕ ಒಂದೇ. ಹಾಡುಗಳ ಪಟ್ಟಿ ನೋಡಬೇಡಿ. ಹಿಂದೆ ಡ್ರಮ್ಸ್ ಯಾರದ್ದು, ಬೇಸ್ ಯಾರದ್ದು, ಗಿಟಾರ್ ಯಾರದ್ದು ಅಂತ ನೋಡಿ. ಕರ್ಟಿಸ್ ನುಡಿಸಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಬೇರೆಯವರ ಹಾಡುಗಳೇ, ರಾಗ ಎಲ್ಲರಿಗೂ ಗೊತ್ತಿರುವುದೇ. ಆದರೆ ಹಿಂದೆ ಇರುವ ತಂಡ ಬದಲಾದ ಹಾಗೆ ಅವರ ಊದುವಿಕೆಯೂ ಬದಲಾಗುತ್ತದೆ. ನಂಬಿಕೆಯ ತಂಡ ಜೊತೆಗಿದ್ದಾಗ ಅವರು ಕಡಿಮೆ ನುಡಿಸುತ್ತಾರೆ. ಆ ಕಡಿಮೆಯೇ ಚೆನ್ನ.

ಅವರು ಎಲ್ಲಿಂದ ಬಂದವರು ಅಂತ ಸ್ವಲ್ಪ ಹೇಳಿಬಿಡುತ್ತೇನೆ, ಮುಂದಿನ ಹೋಲಿಕೆಗೆ ಬೇಕಾಗುತ್ತದೆ. ನಿಜ ಹೆಸರು ಕರ್ಟಿಸ್ ಆಸ್ಲಿ. 1934ರಲ್ಲಿ ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ ಹುಟ್ಟಿದರು. ಅಲ್ಲಿನ ಐ.ಎಂ. ಟೆರೆಲ್ ಹೈಸ್ಕೂಲಿನಲ್ಲಿ ಓದಿದರು, ಮುಂದೆ ಫ್ರೀ ಜಾಝ್‌ನಿಂದ ಜಗತ್ತನ್ನೇ ಅಲುಗಾಡಿಸಿದ ಆರ್ನೆಟ್ ಕೋಲ್ಮನ್ ಕೂಡ ಅದೇ ಶಾಲೆಯವರು. ಲಯನಲ್ ಹ್ಯಾಂಪ್ಟನ್ ಅವರ ಜಾಝ್ ತಂಡ ಸೇರಿಕೊಂಡು, 1950ರ ದಶಕದ ಶುರುವಿನಲ್ಲೇ ನ್ಯೂಯಾರ್ಕ್‌ನಲ್ಲಿ ನೆಲೆ ನಿಂತರು. ಆಮೇಲೆ ಹೆಚ್ಚುಕಡಿಮೆ ಎರಡು ದಶಕ, ಆ ಊರಿನಲ್ಲಿ ಸ್ಯಾಕ್ಸ್ ಬೇಕು ಅಂದವರೆಲ್ಲ ಮೊದಲು ಕರೆಯುತ್ತಿದ್ದವರಲ್ಲಿ ಇವರೂ ಒಬ್ಬರು. 1971ರ ಆಗಸ್ಟ್ 13ರಂದು ನ್ಯೂಯಾರ್ಕ್‌ನಲ್ಲಿ ತಮ್ಮದೇ ಮನೆ ಎದುರಿನ ಜಗಳದಲ್ಲಿ ಚಾಕು ಇರಿತಕ್ಕೆ ಬಲಿಯಾದರು. ಆಗ ಅವರಿಗೆ ಬರೀ 37.

ಇನ್ನೊಂದು ಮಾತು. ಸ್ಯಾಕ್ಸೊಫೋನ್ ಅಂದ ತಕ್ಷಣ ನಮ್ಮಲ್ಲಿ ಬಹಳ ಜನರಿಗೆ ನೆನಪಾಗುವುದು ಕದ್ರಿ ಗೋಪಾಲನಾಥ್. ಅವರದ್ದು ಆಲ್ಟೊ, ಅಂದರೆ ಸ್ವಲ್ಪ ಎತ್ತರದ ದನಿಯ ಸ್ಯಾಕ್ಸ್, ಸ್ವರದಿಂದ ಸ್ವರಕ್ಕೆ ಜಾರುವ ಗಮಕವೇ ಅಲ್ಲಿನ ಜೀವ. ಆ ಕಿವಿಯನ್ನು ಇಟ್ಟುಕೊಂಡು ಕರ್ಟಿಸ್ ಕೇಳಲು ಕೂತರೆ ಮೊದಲಿಗೆ ಒರಟು ಅನಿಸಬಹುದು. ಇವರದ್ದು ಮುಖ್ಯವಾಗಿ ಟೆನರ್, ಅಂದರೆ ಅದಕ್ಕಿಂತ ತಗ್ಗಿನ ಸ್ಯಾಕ್ಸ್, ದನಿ ದಪ್ಪ. ಜಾರಿಸುವುದಕ್ಕಿಂತ ಕತ್ತರಿಸುವುದು ಜಾಸ್ತಿ. ಸ್ವರವನ್ನು ನಾಲಿಗೆಯಿಂದ ಟಕ್ ಟಕ್ ಅಂತ ತುಂಡು ಮಾಡಿ, ತಾಳದ ಸಂದಿಯಲ್ಲಿ ಕೂರಿಸುತ್ತಾರೆ. ನಡುನಡುವೆ ಗಂಟಲಿನಿಂದ ಒಂದು ಗೊರಗೊರ ಸದ್ದು ಸೇರಿಸುತ್ತಾರೆ. ಅದು ಕಿವಿಗೆ ಒಗ್ಗಿತು ಅಂದ್ರೆ ಆಮೇಲೆ ಬಿಡಿಸಿಕೊಳ್ಳೋದು ಕಷ್ಟ.

ಮೊದಲ ಪ್ರಶ್ನೆ: ಎರಡು ಲೈವ್ ಆಲ್ಬಮ್‌ಗಳಲ್ಲಿ ಯಾವುದು?

ಒಂದೇ ಒಂದು ಆಲ್ಬಮ್ ತೆಗೆದುಕೊಳ್ಳುತ್ತೀರಿ ಅಂದರೆ ‘ಲೈವ್ ಅಟ್ ಫಿಲ್‌ಮೋರ್ ವೆಸ್ಟ್’ ತೆಗೆದುಕೊಳ್ಳಿ. ಇದರಲ್ಲಿ ನನಗೆ ಎರಡು ಮಾತಿಲ್ಲ. 1971ರ ಮಾರ್ಚ್ 5ರಿಂದ 7ರವರೆಗೆ ಸ್ಯಾನ್ ಫ್ರಾನ್ಸಿಸ್ಕೊದ ಅದೇ ಹೆಸರಿನ ಸಭಾಂಗಣದಲ್ಲಿ ರೆಕಾರ್ಡ್ ಆಗಿದ್ದು. ಜನ ಬಂದಿದ್ದು ಹೆಸರಾಂತ ಗಾಯಕಿ ಅರೀಥಾ ಫ್ರಾಂಕ್ಲಿನ್ ಹಾಡು ಕೇಳಲು. ಕರ್ಟಿಸ್ ಆಗ ಅರೀಥಾ ಅವರ ಸಂಗೀತ ನಿರ್ದೇಶಕರು. ಮೊದಲು ತಮ್ಮ ತಂಡದೊಂದಿಗೆ ತಾವು ನುಡಿಸಿ, ಆಮೇಲೆ ಅದೇ ತಂಡವನ್ನು ಅರೀಥಾ ಹಿಂದೆ ನಿಲ್ಲಿಸುತ್ತಿದ್ದರು. ಕೇಳುಗರು ಹೆಚ್ಚಾಗಿ ರಾಕ್ ಸಂಗೀತದ ಹುಡುಗ ಹುಡುಗಿಯರು, ಕೈಯಲ್ಲಿರುವ ಸಮಯ ಕಡಿಮೆ. ಅದಕ್ಕೇ ಈ ಆಲ್ಬಮ್‌ನಲ್ಲಿ ಒಂದು ನಿಮಿಷವೂ ಪೋಲಾಗಿಲ್ಲ.

ತಂಡ ನೋಡಿ: ಡ್ರಮ್ಸ್ ಬರ್ನಾರ್ಡ್ ಪರ್ಡಿ, ಬೇಸ್ ಜೆರಿ ಜೆಮಟ್, ಗಿಟಾರ್ ಕಾರ್ನೆಲ್ ಡುಪ್ರೀ, ಆರ್ಗನ್ ಬಿಲ್ಲಿ ಪ್ರೆಸ್ಟನ್, ಜೊತೆಗೆ ಟ್ರಂಪೆಟ್, ಸ್ಯಾಕ್ಸ್ ಊದುವ ಮೆಂಫಿಸ್ ಹಾರ್ನ್ಸ್ ಬಳಗ. ಇವರಲ್ಲಿ ಯಾರೊಬ್ಬರ ಹೆಸರಿನಲ್ಲಿ ಆಲ್ಬಮ್ ಬಂದಿದ್ದರೂ ನಾನು ಕೊಳ್ಳುತ್ತಿದ್ದೆ.

ಶುರುವಾಗುವುದು ‘ಮೆಂಫಿಸ್ ಸೋಲ್ ಸ್ಟ್ಯೂ’ನಿಂದ. ಕರ್ಟಿಸ್ ಅಡುಗೆ ಹೇಳಿಕೊಡುವ ಹಾಗೆ ಮಾತಾಡುತ್ತಾ ಒಂದೊಂದೇ ಪದಾರ್ಥ ಹಾಕುತ್ತಾರೆ. ಮೊದಲು ಬೇಸ್, ಆಮೇಲೆ ಡ್ರಮ್ಸ್, ಗಿಟಾರ್, ಆರ್ಗನ್, ಹೀಗೆ. ಒಬ್ಬೊಬ್ಬರೇ ಸೇರಿಕೊಳ್ಳುತ್ತಾ ಹೋದಂತೆ ಬಿಸಿ ಏರುತ್ತದೆ. ಇದೇ ಹಾಡಿನ 1967ರ ಸ್ಟುಡಿಯೊ ರೂಪ ಮೂರು ನಿಮಿಷದ್ದು, ಮೆಂಫಿಸ್‌ನ ಅಮೆರಿಕನ್ ಸೌಂಡ್ ಸ್ಟುಡಿಯೊದವರ ಜೊತೆ ಮಾಡಿದ್ದು. ಅದೂ ಚೆನ್ನ, ಅಚ್ಚುಕಟ್ಟು, ರೇಡಿಯೊಗೆ ಹೇಳಿ ಮಾಡಿಸಿದ್ದು. ಆದರೆ ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ. ಸ್ಟುಡಿಯೊದಲ್ಲಿ ‘ಪದಾರ್ಥ’ಗಳು ಬರೀ ಪರಿಚಯಕ್ಕೆ ಬಂದು ಹೋಗುತ್ತವೆ. ಫಿಲ್‌ಮೋರ್‌ನಲ್ಲಿ ಪ್ರತಿಯೊಬ್ಬರಿಗೂ ತಮ್ಮ ಮಾತು ಆಡಲು ಜಾಗ ಸಿಗುತ್ತದೆ, ಹಾಡು ಎರಡು ಪಟ್ಟಿಗಿಂತ ಉದ್ದವಾಗುತ್ತದೆ, ಪರ್ಡಿ ಡ್ರಮ್ಸ್ ಬಾರಿಸುವುದನ್ನು ಕೇಳಿದ ಮೇಲೆ ಸ್ಟುಡಿಯೊದ ಡ್ರಮ್ಸ್ ಸ್ವಲ್ಪ ಸಪ್ಪೆ ಅನಿಸುತ್ತದೆ. ತಂಡ ನೋಡಿ ಆರಿಸಿ ಅಂದೆನಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಡ.

ಅದರ ಹಿಂದೆಯೇ ‘ಎ ವೈಟರ್ ಶೇಡ್ ಆಫ್ ಪೇಲ್’ ಬರುತ್ತದೆ. ಇಂಗ್ಲೆಂಡಿನ ರಾಕ್ ತಂಡ ಪ್ರೋಕೋಲ್ ಹ್ಯಾರಮ್ ಅವರ ಹಾಡು. ಇಲ್ಲಿ ಮಾತಿಲ್ಲ, ಪದ್ಯವಿಲ್ಲ, ಸ್ಯಾಕ್ಸ್ ಒಂದೇ ಹಾಡುತ್ತದೆ. ಅವಸರವಿಲ್ಲದೆ ಒಂದು ಸಾಲು ಹೇಳಿ, ನಿಲ್ಲಿಸಿ, ಆರ್ಗನ್‌ಗೆ ಬಿಟ್ಟುಕೊಟ್ಟು, ಮತ್ತೆ ಬಂದು ಅದೇ ಸಾಲನ್ನು ಸ್ವಲ್ಪ ಮೇಲಿನಿಂದ ಎತ್ತಿಕೊಳ್ಳುತ್ತಾರೆ. ಕೊನೆಗೆ ಬರುವ ಹೊತ್ತಿಗೆ ಆ ದನಿ ಸೀಳಿ ಹೋಗುತ್ತದೇನೋ ಅನ್ನುವಷ್ಟು ಬಿಗಿಯಾಗಿರುತ್ತದೆ. ನನಗೆ ಅವರ ಎಲ್ಲ ರೆಕಾರ್ಡಿಂಗ್‌ಗಳಲ್ಲಿ ಇದೇ ಅತಿ ಹೆಚ್ಚು ಇಷ್ಟ. ‘ಮಿಸ್ಟರ್ ಬೋಜ್ಯಾಂಗಲ್ಸ್’, ‘ಐ ಸ್ಟ್ಯಾಂಡ್ ಅಕ್ಯೂಸ್ಡ್’ ಇವೂ ಅದೇ ಜಾತಿ. ಲೆಡ್ ಜೆಪ್ಪೆಲಿನ್‌ರ ‘ಹೋಲ್ ಲಾಟಾ ಲವ್’ ಮಾತ್ರ ಶುರುವಾಗುವುದರೊಳಗೆ ಮುಗಿದುಹೋಗುತ್ತದೆ, ಅದು ಆ ರಾತ್ರಿಯ ರಾಕ್ ಜನಕ್ಕೆ ಕೊಟ್ಟ ಒಂದು ನಮಸ್ಕಾರ ಅಂತ ಇಟ್ಟುಕೊಳ್ಳಿ.

ಇನ್ನು ‘ಲೈವ್ ಅಟ್ ಸ್ಮಾಲ್ಸ್ ಪ್ಯಾರಡೈಸ್’. ಇದು 1966ರದ್ದು, ಫಿಲ್‌ಮೋರ್‌ಗಿಂತ ಐದು ವರ್ಷ ಹಿಂದಿನದು. ಜಾಗ ನ್ಯೂಯಾರ್ಕ್‌ನ ಹಾರ್ಲೆಮ್, 1925ರಿಂದ ನಡೆದುಕೊಂಡು ಬಂದ ಕ್ಲಬ್. ಡ್ರಮ್ಸ್ ರೇ ಲೂಕಸ್, ಬೇಸ್ ಚಕ್ ರೇನಿ, ಗಿಟಾರ್ ಇಲ್ಲೂ ಡುಪ್ರೀ. ಫಿಲ್‌ಮೋರ್‌ನಲ್ಲಿ ಕರ್ಟಿಸ್ ಹೊಸ ಜನರನ್ನು ಗೆಲ್ಲಲು ನಿಂತಿದ್ದಾರೆ. ಇಲ್ಲಿ ಗೆಲ್ಲಬೇಕಾಗಿಲ್ಲ, ಇದು ಅವರದ್ದೇ ಜಾಗ, ಅವರದ್ದೇ ಜನ. ಹಾಡುಗಳು ಚಿಕ್ಕವು, ಕುಣಿಯಲು ಮಾಡಿದವು. ರೆಕಾರ್ಡಿಂಗ್ ಅಷ್ಟು ನುಣುಪಿಲ್ಲ. ಆದರೆ ಚಿಕ್ಕ ಕ್ಲಬ್ಬಿನ ಬಿಸಿ ಇದರಲ್ಲಿದೆ. ರೇನಿ ಅವರ ಬೇಸ್ ಕೇಳಿ, ಪ್ರತಿ ಸ್ವರವೂ ನೆಲಕ್ಕೆ ಬಡಿದಂತಿದೆ. ಇದೇ ತಂಡ 1965ರಲ್ಲಿ ಬೀಟಲ್ಸ್ ಅಮೆರಿಕಕ್ಕೆ ಬಂದಾಗ ಅವರ ಕಾರ್ಯಕ್ರಮಗಳಲ್ಲಿ ಮೊದಲು ನುಡಿಸಿತ್ತು, ಷೇ ಸ್ಟೇಡಿಯಮ್‌ನಲ್ಲಿ ಕೂಡ. 1966ರಲ್ಲಿ ಸ್ವಲ್ಪ ಕಾಲ ಕರ್ಟಿಸ್ ತಂಡದಲ್ಲಿ ಜಿಮಿ ಹೆಂಡ್ರಿಕ್ಸ್ ಅನ್ನೋ ಹುಡುಗನೂ ಗಿಟಾರ್ ನುಡಿಸುತ್ತಿದ್ದ.

ಹಾಗಾದ್ರೆ ಯಾವುದು? ಕಣ್ಣು ಮುಚ್ಚಿ ಕೂತು ಕೇಳುವವರಿಗೆ ಫಿಲ್‌ಮೋರ್. ಮನೆಯಲ್ಲಿ ನಾಲ್ಕು ಜನ ಸೇರಿದಾಗ ಹಾಕಲು ಸ್ಮಾಲ್ಸ್ ಪ್ಯಾರಡೈಸ್. ಎರಡನ್ನೂ ತೆಗೆದುಕೊಳ್ಳುವ ಮನಸ್ಸಿದ್ದರೆ ಮೊದಲು ಸ್ಮಾಲ್ಸ್ ಕೇಳಿ ಆಮೇಲೆ ಫಿಲ್‌ಮೋರ್ ಕೇಳಿ, ಐದು ವರ್ಷದಲ್ಲಿ ಒಬ್ಬ ಮನುಷ್ಯ ಎಷ್ಟು ಸ್ವರಗಳನ್ನು ಬಿಡಲು ಕಲಿತರು ಅಂತ ತಾನಾಗೇ ಗೊತ್ತಾಗುತ್ತದೆ.

ಜಾಝ್ ಬೇಕು ಅನ್ನುವವರಿಗೆ

‘ಕರ್ಟಿಸ್ ಅವರದ್ದು ಬರೀ ಪಾಪ್ ಹಾಡಿನ ನಡುವೆ ಬರೋ ತುಂಡು ಸ್ಯಾಕ್ಸ್, ಜಾಝ್ ಎಲ್ಲಿ?’ ಅಂತ ಕೇಳುವವರು ಇದ್ದೇ ಇರುತ್ತಾರೆ. ಅವರ ಕೈಗೆ 1960ರ ಎರಡು ಆಲ್ಬಮ್ ಕೊಡಿ. ‘ದ ನ್ಯೂ ಸೀನ್ ಆಫ್ ಕಿಂಗ್ ಕರ್ಟಿಸ್’ ಏಪ್ರಿಲ್‌ನಲ್ಲಿ ರೆಕಾರ್ಡ್ ಆಗಿದ್ದು, ‘ಸೋಲ್ ಮೀಟಿಂಗ್’ ಅದೇ ವರ್ಷದ ಸೆಪ್ಟೆಂಬರ್‌ನದು. ಎರಡೂ ನ್ಯೂಜೆರ್ಸಿಯಲ್ಲಿ ಹೆಸರಾಂತ ರೆಕಾರ್ಡಿಂಗ್ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ಅವರ ಸ್ಟುಡಿಯೊದಲ್ಲಿ ಆಗಿವೆ, ಹಾಗಾಗಿ ಸದ್ದಿನ ಗುಣದ ಬಗ್ಗೆ ಚಿಂತೆ ಬೇಡ.

‘ನ್ಯೂ ಸೀನ್’ನಲ್ಲಿ ಪಿಯಾನೊ ವಿಂಟನ್ ಕೆಲಿ, ಬೇಸ್ ಪಾಲ್ ಚೇಂಬರ್ಸ್. ಇಬ್ಬರೂ ಆ ಕಾಲದಲ್ಲಿ ಜಾಝ್ ದಿಗ್ಗಜ ಮೈಲ್ಸ್ ಡೇವಿಸ್ ತಂಡದವರು. ಡ್ರಮ್ಸ್ ಆಲಿವರ್ ಜ್ಯಾಕ್ಸನ್. ಕಾರ್ನೆಟ್ (ಚಿಕ್ಕ ಟ್ರಂಪೆಟ್ ಥರದ್ದು) ನುಡಿಸಿದವರ ಹೆಸರು ಕವರ್ ಮೇಲೆ ‘ಲಿಟಲ್ ಬ್ರದರ್’ ಅಂತ ಇದೆ. ಅದು ಸ್ಯಾಕ್ಸ್ ವಾದಕ ಕ್ಯಾನನ್‌ಬಾಲ್ ಆಡರ್ಲಿಯವರ ತಮ್ಮ ನ್ಯಾಟ್ ಆಡರ್ಲಿ. ‘ಸೋಲ್ ಮೀಟಿಂಗ್’ನಲ್ಲಿ ಆಡರ್ಲಿ, ಕೆಲಿ ಇದ್ದಾರೆ, ಬೇಸ್ ಸ್ಯಾಮ್ ಜೋನ್ಸ್‌ಗೆ ಹೋಗಿದೆ. ಒಬ್ಬ ಬೇಸ್‌ನವರು ಬದಲಾದರೆ ಏನಾಗುತ್ತದೆ ಅಂತ ತಿಳಿಯಲು ಈ ಜೋಡಿ ಒಳ್ಳೆ ಪಾಠ. ಚೇಂಬರ್ಸ್ ಜೊತೆ ಕರ್ಟಿಸ್ ಸ್ವಲ್ಪ ಹುಷಾರಾಗಿ, ಉದ್ದುದ್ದ ಸಾಲುಗಳಲ್ಲಿ ಹೋಗುತ್ತಾರೆ. ‘ವಿಲೋ ವೀಪ್ ಫಾರ್ ಮಿ’ ಕೇಳಿ, ಟೆಕ್ಸಸ್‌ನ ಟೆನರ್ ಅಂದ್ರೆ ಏನು ಅಂತ ಅದೊಂದೇ ಹೇಳುತ್ತದೆ: ದನಿಯಲ್ಲಿ ದಪ್ಪ, ಕೊನೆಯಲ್ಲಿ ಉಸಿರು, ಸ್ವರದ ಅಂಚಿನಲ್ಲಿ ಒಂದು ಅಳು. ಸ್ಯಾಮ್ ಜೋನ್ಸ್ ಜೊತೆ ಮೈ ಸಡಿಲ ಬಿಟ್ಟಿದ್ದಾರೆ, ಬ್ಲೂಸ್ ಕಡೆಗೆ ವಾಲಿದ್ದಾರೆ. ‘ಜೀಪ್ಸ್ ಬ್ಲೂಸ್’ನಲ್ಲಿ ಅದು ಚೆನ್ನಾಗಿ ಕೇಳಿಸುತ್ತದೆ.

ನನ್ನ ಆಯ್ಕೆ ‘ಸೋಲ್ ಮೀಟಿಂಗ್’. ಜಾಝ್ ಪಂಡಿತರು ‘ನ್ಯೂ ಸೀನ್’ ಅನ್ನಬಹುದು, ಅದಕ್ಕೂ ಕಾರಣ ಇದೆ. ಅದೃಷ್ಟಕ್ಕೆ ಜಗಳವೇ ಬೇಡ: ಎರಡೂ ಸೇರಿ ‘ಸೋಲ್ ಮೀಟಿಂಗ್’ ಹೆಸರಿನಲ್ಲೇ ಒಂದು ಸೀಡಿ ಬಂದಿದೆ. ಅದು ಸಿಕ್ಕರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. 1961ರಲ್ಲಿ ಎವರೆಸ್ಟ್ ಕಂಪನಿಗೆ ಮಾಡಿದ ‘ಅಝೂರ್’ ಇದೆ, ಮೆದು ಹಾಡುಗಳು. ಅದರ ಸರದಿ ಬಹಳ ಆಮೇಲೆ.

ಬ್ಲೂಸ್‌ನಲ್ಲಿ ಎರಡು

‘ಟ್ರಬಲ್ ಇನ್ ಮೈಂಡ್’ 1961ರದ್ದು. ಇದರಲ್ಲಿ ಕರ್ಟಿಸ್ ಹಾಡುತ್ತಾರೆ. ದನಿ ದೊಡ್ಡದೇನಲ್ಲ, ಆದರೆ ಸುಳ್ಳಿಲ್ಲ. ಹಾಡಿದ ಸಾಲನ್ನೇ ಆಮೇಲೆ ಸ್ಯಾಕ್ಸ್‌ನಲ್ಲಿ ಹೇಳುವಾಗ, ಅವರ ಸ್ಯಾಕ್ಸ್ ಯಾಕೆ ಮಾತಾಡಿದ ಹಾಗೆ ಕೇಳಿಸುತ್ತದೆ ಅನ್ನೋದು ಅರ್ಥವಾಗುತ್ತದೆ. ‘ಬ್ಲೂಸ್ ಅಟ್ ಮಾಂತ್ರೊ’ ಬೇರೆಯೇ ಥರ. 1971ರ ಜೂನ್‌ನಲ್ಲಿ ಸ್ವಿಟ್ಜರ್ಲೆಂಡ್‌ನ ಮಾಂತ್ರೊ ಉತ್ಸವದಲ್ಲಿ ಪಿಯಾನೊ ನುಡಿಸಿ ಹಾಡುವ ಚಾಂಪಿಯನ್ ಜ್ಯಾಕ್ ಡುಪ್ರೀ ಜೊತೆ ಮಾಡಿದ್ದು. ಬಂದಿದ್ದು ಕರ್ಟಿಸ್ ತೀರಿಕೊಂಡ ಮೇಲೆ, 1973ರಲ್ಲಿ. ಜ್ಯಾಕ್ ಡುಪ್ರೀ ಹಳೇ ಕಾಲದವರು, ಮನಸ್ಸಿಗೆ ಬಂದಾಗ ಸಾಲು ಬದಲಿಸುತ್ತಾರೆ, ಬ್ಲೂಸ್‌ನ ಹನ್ನೆರಡು ಬಾರ್ (ತಾಳದ ಸುತ್ತು) ಹದಿಮೂರಾದರೂ ಅವರಿಗೆ ಚಿಂತೆಯಿಲ್ಲ. ಹಿಂದೆ ಕಾರ್ನೆಲ್ ಡುಪ್ರೀ, ಜೆಮಟ್, ಆಲಿವರ್ ಜ್ಯಾಕ್ಸನ್. ಅವರೆಲ್ಲ ಜ್ಯಾಕ್ ಅವರ ಬೆರಳು ನೋಡಿಕೊಂಡೇ ನುಡಿಸುತ್ತಿದ್ದಾರೆ ಅನಿಸುತ್ತದೆ. ಇನ್ನೊಬ್ಬರ ಜೊತೆ ಹೊಂದಿಕೊಂಡು ಹೋಗುವ ಕರ್ಟಿಸ್ ಬೇಕು ಅಂದರೆ ಇದು. ಬ್ಲೂಸ್ ಇಷ್ಟಪಡುವವರು ಮೊದಲು ಮಾಂತ್ರೊ ತೆಗೆದುಕೊಳ್ಳಲಿ.

ಆಟ್ಕೊ ಕಂಪನಿಯ ಸ್ಟುಡಿಯೊ ಆಲ್ಬಮ್‌ಗಳು

ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. 1966ರಿಂದ 1970ರವರೆಗೆ ಬಂದವು ಬಹಳ ಇವೆ, ಎಲ್ಲವೂ ಒಂದೇ ಮಟ್ಟದ್ದಲ್ಲ. ಆ ವರ್ಷದ ಹಿಟ್ ಹಾಡುಗಳನ್ನು ಬೇಗ ಬೇಗ ರೆಕಾರ್ಡ್ ಮಾಡಿ ಮಾರುವುದು ಆಗಿನ ವ್ಯಾಪಾರ. ಅದರಿಂದಾಗಿ ಪ್ರತಿ ಆಲ್ಬಮ್‌ನಲ್ಲೂ ನಾಲ್ಕೈದು ಸಾಧಾರಣ ಹಾಡು ಇದ್ದೇ ಇರುತ್ತವೆ.

‘ಕಿಂಗ್ ಸೈಜ್ ಸೋಲ್’ (1967) ಮತ್ತು ‘ಇನ್‌ಸ್ಟಂಟ್ ಗ್ರೂವ್’ (1969) ನಡುವೆ ಒಂದು ಆರಿಸಿ ಅಂದರೆ ನಾನು ಎರಡನೆಯದನ್ನು ಆರಿಸುತ್ತೇನೆ. ಮೊದಲನೆಯದರಲ್ಲಿ ‘ಮೆಂಫಿಸ್ ಸೋಲ್ ಸ್ಟ್ಯೂ’ ಇದೆ, ‘ಓಡ್ ಟು ಬಿಲ್ಲಿ ಜೋ’ ಇದೆ. ಎರಡೂ ಆ ವರ್ಷ ಜೋರಾಗಿ ಓಡಿದ ಹಾಡುಗಳು, ಆದರೆ ಎರಡರ ಫಿಲ್‌ಮೋರ್ ರೂಪವೇ ಮೇಲು. ‘ಇನ್‌ಸ್ಟಂಟ್ ಗ್ರೂವ್’ನಲ್ಲಿ ‘ಗೇಮ್ಸ್ ಪೀಪಲ್ ಪ್ಲೇ’ ಇದೆ, ಗಿಟಾರ್ ಡ್ಯುಯೇನ್ ಆಲ್‌ಮನ್ ಅವರದ್ದು. ಇದಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂತು. ಸ್ಯಾಕ್ಸ್ ರಾಗವನ್ನು ನೇರವಾಗಿ ಹೇಳುತ್ತದೆ, ಆಲ್‌ಮನ್ ಗಿಟಾರ್ ಅದರ ಪಕ್ಕ ಪಕ್ಕವೇ ಸುತ್ತುತ್ತದೆ. ‘ದ ವೇಯ್ಟ್’ನಲ್ಲೂ ಆಲ್‌ಮನ್ ಇದ್ದಾರೆ. 1970ರ ‘ಗೆಟ್ ರೆಡಿ’ ಆಲ್ಬಮ್‌ನಲ್ಲಿ ಎರಿಕ್ ಕ್ಲ್ಯಾಪ್ಟನ್ ನುಡಿಸಿದ ‘ಟೀಸಿನ್’ ಇದೆ. ಆ ಒಂದು ಹಾಡಿಗಾಗಿ ಕೇಳಬಹುದು, ಇಡೀ ಆಲ್ಬಮ್ ಕೊಳ್ಳಲೇಬೇಕು ಅಂತಿಲ್ಲ.

‘ಸೋಲ್ ಸೆರೆನೇಡ್’ ವಿಷಯ ಮಾತ್ರ ಬೇರೆ. ಇದು ಕರ್ಟಿಸ್ ಮತ್ತು ಲೂಥರ್ ಡಿಕ್ಸನ್ ಸೇರಿ ಕಟ್ಟಿದ ಸ್ವಂತ ರಾಗ. 1964ರಲ್ಲಿ ಕ್ಯಾಪಿಟಲ್ ಕಂಪನಿಗೆ ಮಾಡಿದಾಗ ಅವರು ಟೆನರ್ ಬಿಟ್ಟು ಸ್ಯಾಕ್ಸೆಲೊ ಅನ್ನೋ ವಾದ್ಯ ಹಿಡಿದಿದ್ದರು. ಅದು ತುದಿಯಲ್ಲಿ ಬಾಗಿದ ಸೊಪ್ರಾನೊ, ಅಂದರೆ ಎತ್ತರದ ದನಿಯ ಸ್ಯಾಕ್ಸ್, ದನಿ ತೆಳು ಮತ್ತು ಸಿಹಿ. ಈ ಮೊದಲ ರೂಪದಲ್ಲಿ ಒಂದು ಸ್ವರವೂ ಹೆಚ್ಚಿಲ್ಲ. ಫಿಲ್‌ಮೋರ್‌ನಲ್ಲಿ ಕಾರ್ಯಕ್ರಮ ಮುಗಿಸುವಾಗ ಇದನ್ನೇ ನುಡಿಸಿ, ನಡುವೆ ಜನರ ಜೊತೆ ಮಾತಾಡುತ್ತಾರೆ. ಈ ಒಂದು ಹಾಡಿನಲ್ಲಿ ಮಾತ್ರ ನನ್ನ ಓಟು ಸ್ಟುಡಿಯೊ ರೂಪಕ್ಕೆ.

ಬೇರೆಯವರ ಹಾಡಿನ ಹಿಂದೆ ಇರುವ ಕರ್ಟಿಸ್

ನಿಜ ಹೇಳಬೇಕೆಂದರೆ, ನೀವು ಅವರನ್ನು ಆಗಲೇ ಕೇಳಿರುವ ಸಾಧ್ಯತೆ ಜಾಸ್ತಿ. 1967ರಲ್ಲಿ ಅರೀಥಾ ಹಾಡಿದ ‘ರೆಸ್ಪೆಕ್ಟ್’ ನಡುವೆ ಸ್ಯಾಕ್ಸ್ ಬರುತ್ತದಲ್ಲ, ಅದು ಕರ್ಟಿಸ್. ಹಾಡು ಒಂದು ಕಡೆ ಹೋಗುತ್ತಿರುತ್ತದೆ, ಅವರು ಬಂದಾಗ ಹಿಂದಿನ ಕಾರ್ಡ್‌ಗಳೇ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬದಲಾಗಿ ಬೇರೆ ಕೋಣೆಗೆ ಕಾಲಿಟ್ಟ ಹಾಗೆ ಆಗುತ್ತದೆ, ಎಂಟು ಬಾರ್ ಮುಗಿದ ಕೂಡಲೇ ಅರೀಥಾ ವಾಪಸ್. 1958ರ ‘ಯಾಕೆಟಿ ಯಾಕ್’ನಲ್ಲಿ ಕೋಸ್ಟರ್ಸ್ ಅನ್ನೋ ಗಾಯಕರ ತಂಡದ ಜೊತೆ ಪಟಪಟ ಅಂತ ಮಾತಾಡುವ ಸ್ಯಾಕ್ಸ್ ಕೂಡ ಇವರದ್ದೇ. ಇನ್ನೊಬ್ಬ ಸ್ಯಾಕ್ಸ್ ವಾದಕ ಬೂಟ್ಸ್ ರ‍್ಯಾಂಡಾಲ್ಫ್ ಅವರ ‘ಯಾಕೆಟಿ ಸ್ಯಾಕ್ಸ್’ ಹುಟ್ಟಿದ್ದು ಇದರಿಂದಲೇ. 1971ರಲ್ಲಿ ಬಂದ ಜಾನ್ ಲೆನನ್ ಅವರ ‘ಇಮ್ಯಾಜಿನ್’ ಆಲ್ಬಮ್‌ನಲ್ಲಿ ‘ಇಟ್ಸ್ ಸೋ ಹಾರ್ಡ್’ ಹಾಡಿಗೆ ನುಡಿಸಿದ್ದಾರೆ. ಆಲ್ಬಮ್ ಹೊರಬರುವ ಹೊತ್ತಿಗೆ ಅವರಿರಲಿಲ್ಲ.

ಇವುಗಳಲ್ಲಿ ಪೂರ್ತಿ ಆಲ್ಬಮ್ ಬೇಕು ಅಂದರೆ ಎರಡರ ನಡುವೆ ಆರಿಸಿ. ಒಂದು, ಅದೇ ಫಿಲ್‌ಮೋರ್ ರಾತ್ರಿಗಳ ‘ಅರೀಥಾ ಲೈವ್ ಅಟ್ ಫಿಲ್‌ಮೋರ್ ವೆಸ್ಟ್’. ಇನ್ನೊಂದು, ಗಾಯಕ ಸ್ಯಾಮ್ ಕುಕ್ 1963ರ ಜನವರಿಯಲ್ಲಿ ಮಯಾಮಿಯ ಹಾರ್ಲೆಮ್ ಸ್ಕ್ವೇರ್ ಕ್ಲಬ್‌ನಲ್ಲಿ ಹಾಡಿದ್ದು. ಇದನ್ನು ಕಂಪನಿ 1985ರವರೆಗೆ ಹೊರಗೇ ತರಲಿಲ್ಲ. ಅರೀಥಾ ಆಲ್ಬಮ್‌ನಲ್ಲಿ ಕರ್ಟಿಸ್ ತಂಡ ನಡೆಸುವವರು, ಸ್ಯಾಕ್ಸ್‌ಗಿಂತ ಅವರ ಕಟ್ಟುನಿಟ್ಟು ಕೇಳಿಸುತ್ತದೆ. ಸ್ಯಾಮ್ ಕುಕ್ ಆಲ್ಬಮ್‌ನಲ್ಲಿ ಸ್ಯಾಕ್ಸ್ ಪ್ರತಿ ಸಾಲಿಗೂ ಉತ್ತರ ಕೊಡುತ್ತದೆ, ಇಬ್ಬರೂ ಒಬ್ಬರನ್ನೊಬ್ಬರು ಕೆಣಕುತ್ತಾ ಮೇಲೇರುತ್ತಾರೆ. ಸ್ಯಾಕ್ಸ್‌ಗಾಗಿ ಕೇಳುವವರಿಗೆ ಸ್ಯಾಮ್ ಕುಕ್.

ಕೊಳ್ಳುವಾಗ

ಕರ್ಟಿಸ್ ಬಹಳ ಕಂಪನಿಗಳಿಗೆ ನುಡಿಸಿದವರು: ಆಟ್ಕೊ, ಪ್ರೆಸ್ಟೀಜ್, ಎಂಜಾಯ್, ಕ್ಯಾಪಿಟಲ್, ಮತ್ತೆ ಆಟ್ಕೊ. 1962ರಲ್ಲಿ ರಿದಮ್ ಅಂಡ್ ಬ್ಲೂಸ್ ಹಿಟ್ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋದ ‘ಸೋಲ್ ಟ್ವಿಸ್ಟ್’ ಎಂಜಾಯ್‌ನದು, ‘ಸೋಲ್ ಸೆರೆನೇಡ್’ ಕ್ಯಾಪಿಟಲ್‌ನದು, ‘ಮೆಂಫಿಸ್ ಸೋಲ್ ಸ್ಟ್ಯೂ’ ಆಟ್ಕೊದು. ಒಂದೇ ಕಂಪನಿಯ ‘ಬೆಸ್ಟ್ ಆಫ್’ ತೆಗೆದುಕೊಂಡರೆ ಉಳಿದ ಎರಡರ ಮೂಲ ರೂಪ ಅದರಲ್ಲಿ ಇರುವುದಿಲ್ಲ. ಹಾಡಿನ ಹೆಸರು ಇದ್ದರೂ ಅದು ಆಮೇಲೆ ಮತ್ತೆ ಮಾಡಿದ ರೂಪ ಇರಬಹುದು. ಹಾಡಿನ ಪಕ್ಕದಲ್ಲಿ ವರ್ಷ ಹಾಕಿದ್ದಾರಾ ನೋಡಿ. ವರ್ಷವೇ ಹಾಕದ ಸಂಗ್ರಹವನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬಿಟ್ಟುಬಿಡಿ.

ಕ್ಯಾಪಿಟಲ್ ಕಾಲದ ಎಲ್ಲವೂ ಬೇಕು ಅನ್ನುವ ಹಟದವರಿಗೆ ಬೇರ್ ಫ್ಯಾಮಿಲಿ ಕಂಪನಿಯ ಮೂರು ಸೀಡಿಗಳ ‘ಬ್ಲೋ ಮ್ಯಾನ್ ಬ್ಲೋ’ ಇದೆ. ಸಾಮಾನ್ಯ ಕೇಳುಗರಿಗೆ ಅಷ್ಟು ಬೇಡ. ಫಿಲ್‌ಮೋರ್‌ನ ಹುಚ್ಚು ಹಿಡಿದವರಿಗೆ ಆ ಮೂರೂ ರಾತ್ರಿಗಳನ್ನು ಸೇರಿಸಿ 2005ರಲ್ಲಿ ಬಂದ ನಾಲ್ಕು ಸೀಡಿಗಳ ‘ಡೋಂಟ್ ಫೈಟ್ ದ ಫೀಲಿನ್’ ಇದೆ. ಅದು ಈಗ ಸಿಗುವುದು ಹೆಚ್ಚಾಗಿ ಸೆಕೆಂಡ್ ಹ್ಯಾಂಡ್‌ನಲ್ಲಿ. ಒಂದೇ ಹಾಡು ಮೂರು ರಾತ್ರಿ ಮೂರು ಥರ ಆಗಿರುವುದನ್ನು ಕೇಳುವ ತಾಳ್ಮೆ ಇದ್ದರೆ ಮಾತ್ರ ಅದಕ್ಕೆ ದುಡ್ಡು ಹಾಕಿ. ಇಲ್ಲವಾದರೆ ಹೆಚ್ಚುವರಿ ಹಾಡು ಸೇರಿಸಿ ಮತ್ತೆ ಬಿಡುಗಡೆ ಮಾಡಿರುವ ಒಂಟಿ ಆಲ್ಬಮ್ ಸಾಕು, ಉಳಿದ ದುಡ್ಡಿಗೆ ‘ಸೋಲ್ ಮೀಟಿಂಗ್’ ಬರುತ್ತದೆ.